ನೀಲಿ ದಾರ ಸುತ್ತಿದ ಪೆಟ್ಟಿಗೆ

“ಕಂದು ಬಣ್ಣದ ಪೆಟ್ಟಿಗೆ. ಮರದ್ದು. ಒಂದು ಮೊಳ ಉದ್ದ, ಅದರ ಅರ್ಧ ಅಗಲ. ಎಡಗಡೆ ಮೂಲೆ ಸವೆದಿದೆ. ಮುಂದೆ ಹಿತ್ತಾಳೆ ಬೀಗ. ಹಿಡಿಕೆಗೆ ನೀಲಿ ದಾರ ಸುತ್ತಿದೆ.”

ಕಿಟಕಿಯ ಆಚೆ ನಿಂತಿದ್ದ ಬೂದು ಕೋಟಿನವನು ಇಷ್ಟನ್ನೂ ಒಂದೇ ಉಸಿರಿಗೆ, ಪಾಠ ಒಪ್ಪಿಸುವವನಂತೆ ಹೇಳಿ ಮುಗಿಸಿದ.

ಕಿಟಕಿಯ ಈಚೆ ಕೂತಿದ್ದ ಹಗಲಪ್ಪ ಆ ಹೊತ್ತಿಗೆ ಆಫೀಸಿನಲ್ಲಿ ಇರಲಿಲ್ಲ. ದೇಹವೇನೋ ಕುರ್ಚಿಯಲ್ಲೇ ಇತ್ತು. ಆದರೆ ಅವನು ಓಡುವ ರೈಲಿನ ನೆತ್ತಿಯ ಮೇಲೆ ಒಬ್ಬ ಗೂಢಚಾರನ ಕೊರಳಪಟ್ಟಿ ಹಿಡಿದು ಜಗ್ಗಾಡುತ್ತಿದ್ದ. ‘ನೀಲಿ ದಾರ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹಿಡಿತ ಸಡಿಲಿ ಗೂಢಚಾರ ಎತ್ತಲೋ ಉರುಳಿಹೋದ.

“ಏನಂದ್ರಿ? ಹಿಡಿಕೆಗೆ ಏನು ಸುತ್ತಿದೆ?”

“ನೀಲಿ ದಾರ,” ಎಂದ ಬೂದು ಕೋಟಿನವನು.

ಹಗಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ಕಂಪನಿಯ ಕಳೆದುಹೋದ ಸಾಮಾನಿನ ವಿಭಾಗಕ್ಕೆ ಅವನು ಗುಮಾಸ್ತನಾಗಿ ಬಂದ ವಾರದಲ್ಲೇ ಟೈಪಿಸ್ಟಮ್ಮ ಅವನನ್ನು ‘ಹಗಲುಗನಸಪ್ಪ’ ಎಂದು ಕರೆದಿದ್ದಳು. ದಿನಬಳಕೆಯಲ್ಲಿ ಸವೆದು ಅದು ಹಗಲಪ್ಪ ಆಗಿತ್ತು. ಬಸ್ಸಿನಲ್ಲಿ ಯಾರೋ ಮರೆತ ಕೊಡೆ ಬಂದರೆ ಅದರ ಹಿಡಿಯಲ್ಲಿ ವಜ್ರ. ಒಂಟಿ ಕೈಗವಸು ಬಂದರೆ ಅದರ ಹಿಂದೊಂದು ಕೊಲೆ. ವಜ್ರದ ಸುದ್ದಿಯನ್ನಂತೂ ಅವನು ಪೊಲೀಸ್ ಠಾಣೆಗೇ ಮುಟ್ಟಿಸಿದ್ದ. ಅವರು ಕೊಡೆ ಮುರಿದು ನೋಡಿದರು. ಒಳಗೆ ಮರದ ಪುಡಿ ಬಿಟ್ಟು ಏನೂ ಇರಲಿಲ್ಲ. ಕೊಡೆಯ ಯಜಮಾನಿ ಬಂದು ಹಾದಿರಂಪ ಬೀದಿರಂಪ ಮಾಡಿದ್ದು ಬೇರೆ ಮಾತು.

ಹಾಗಾಗಿ ನಿಜವಾದ ತೋಳ ಬಂದಾಗ ಅವನ ಕೂಗಿಗೆ ಯಾರೂ ತಿರುಗಿ ನೋಡಿರಲಿಲ್ಲ.

ಆ ತೋಳ ಇದು: ಗಡಿಯಾರ ರಿಪೇರಿಯ ಮುದುಕನೊಬ್ಬ ಹೋದ ವಾರ ಕೊನೆಯ ಬಸ್ಸು ಹತ್ತಿದವನು ಮನೆ ಸೇರಲಿಲ್ಲ, ಬಸ್ಸಿನಲ್ಲಿ ಸಿಕ್ಕಿದ್ದು ರಕ್ತ ಮೆತ್ತಿದ ಅವನ ಟೋಪಿ. ಬಸ್ಸಿನ ಡ್ರೈವರು ಹಗಲಪ್ಪನ ಸ್ವಂತ ಅಕ್ಕನ ಗಂಡ. ಭಾವ ಲಾಕಪ್ಪಿನಲ್ಲಿ ಕೂತು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಕೊಲೆ ಆರೋಪ ಹೊರಿಸಿ ಅವರನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಷ್ಟರೊಳಗೆ ಮುದುಕನಿಗೆ ಏನಾಯಿತೆಂದು ಗೊತ್ತಾದರೆ ಭಾವ ಉಳಿದರು. ಇಲ್ಲವಾದರೆ ಅಕ್ಕನ ಸಂಸಾರ ಮುಗಿದಂತೆಯೇ.

ಈ ಕಂದು ಪೆಟ್ಟಿಗೆ ಸಿಕ್ಕಿದ್ದೂ ಅದೇ ಬಸ್ಸಿನಲ್ಲಿ, ಹಿಂದಿನ ಸೀಟಿನ ಅಡಿಯಲ್ಲಿ, ಗುಡಿಸುವವರ ಕೈಗೆ. ಇದು ಆ ಮುದುಕನದ್ದೇ ಎಂದು ಹಗಲಪ್ಪ ಠಾಣೆಗೆ ಓಡಿದ್ದ. “ಇದರಲ್ಲೂ ವಜ್ರ ಇದೆಯೇನಪ್ಪಾ?” ಎಂದು ಇನ್ಸ್‌ಪೆಕ್ಟರು ನಕ್ಕು ಕಳಿಸಿದ್ದರು.

ಕಳೆದುಹೋದ ಸಾಮಾನಿನ ವಿಭಾಗದಲ್ಲಿ ಒಂದು ಪದ್ಧತಿಯಿದೆ. ಕೇಳಿಕೊಂಡು ಬಂದವರಿಗೆ ಸಾಮಾನನ್ನು ಮೊದಲೇ ತೋರಿಸುವಂತಿಲ್ಲ. ಅದು ಹೇಗಿತ್ತೆಂದು ಅವರೇ ಹೇಳಬೇಕು, ಹೋಲಿಸಿ ನೋಡಿ ಇವರು ಕೊಡಬೇಕು. ಇಷ್ಟು ವರ್ಷದಲ್ಲಿ ಹಗಲಪ್ಪ ಕಂಡುಕೊಂಡ ಸತ್ಯವೆಂದರೆ, ನಿಜವಾಗಿ ಕಳೆದುಕೊಂಡವರು ಯಾವತ್ತೂ ಸರಿಯಾಗಿ ಹೇಳುವುದಿಲ್ಲ. ಹರಿದ ಚೀಲ ಅವರ ಬಾಯಲ್ಲಿ ಹೊಸದಾಗುತ್ತದೆ. ಹಸಿರು ಹೋಗಿ ನೀಲಿ ಆಗುತ್ತದೆ. ದಿನಾ ಕೈಯಲ್ಲಿ ಹಿಡಿದ ವಸ್ತುವನ್ನು ಯಾರೂ ನೋಡಿಯೇ ಇರುವುದಿಲ್ಲ.

ಇವನು ಒಂದೂ ತಪ್ಪು ಹೇಳಲಿಲ್ಲ.

“ಪೆಟ್ಟಿಗೆ ನಿಮ್ದೇನಾ?” ಹಗಲಪ್ಪ ಕೇಳಿದ.

“ನನ್ನ ತಮ್ಮಂದು.”

“ತಮ್ಮ ಯಾಕೆ ಬರಲಿಲ್ಲ?”

“ಹುಷಾರಿಲ್ಲ ಅವನಿಗೆ.”

“ಒಳಗೆ ಏನಿದೆ?”

ಪಾಠದಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಬೂದು ಕೋಟಿನವನು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡ. ವಯಸ್ಸಾದವನು. ಕೋಟಿನ ತೋಳಿನ ಅಂಚಿನಲ್ಲಿ ಬಣ್ಣದ ಕಲೆಗಳಿದ್ದವು.

“ಸಾಮಾನು.”

“ಎಂಥಾ ಸಾಮಾನು?”

“ಸಣ್ಣಪುಟ್ಟದ್ದು. ಕೆಲಸದ್ದು.”

“ಆ ದಾರ ಯಾವಾಗ ಸುತ್ತಿದ್ದು?”

“ಅದಾ? ಮೊದಲಿಂದಲೂ ಇದೆಯಲ್ಲ.”

“ಮೊದಲಿಂದ ಅಂದ್ರೆ?”

“ನಾನು ನೋಡಿದಾಗಿಂದ. ಯಾಕೆ ಸ್ವಾಮಿ, ದಾರದ ಜಾತಕವನ್ನೂ ಹೇಳಬೇಕಾ?”

ಹಗಲಪ್ಪನ ಎದೆ ಹೊಡೆದುಕೊಂಡ ರೀತಿ ಯಾವ ಕನಸಿನಲ್ಲೂ ಹೊಡೆದುಕೊಂಡಿರಲಿಲ್ಲ. ಆ ದಾರ ಸುತ್ತಿದ್ದು ಅವನೇ, ಅದೂ ನಿನ್ನೆ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದಾಗ ಹಿಡಿಕೆ ಅರ್ಧ ಕಿತ್ತು ಕೈಗೆ ಬಂದಿತ್ತು. ಮುರಿದದ್ದನ್ನು ಹಾಗೇ ವಾಪಸ್ಸು ಕೊಡುವುದು ಅವನ ಜಾಯಮಾನವಲ್ಲ. ಕಳೆದುಕೊಂಡ ಚೀಲಕ್ಕೆ ಗುಂಡಿ ಹಾಕಿ ಕೊಟ್ಟವನು ಅವನು. ಪಾರ್ಸೆಲಿನಿಂದ ಬಿಚ್ಚಿದ ನೀಲಿ ದಾರವಿತ್ತು, ಬಿಗಿಯಾಗಿ ಸುತ್ತಿದ. ಭಾವನ ಸುದ್ದಿ ಕೇಳಲು ಬಂದು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ ಅಕ್ಕ, “ನನ್ನ ಗಂಡ ಅಲ್ಲಿ ಕಂಬಿ ಎಣಿಸ್ತಿದ್ರೆ ನೀನಿಲ್ಲಿ ದಾರ ಸುತ್ತುತಾ ಕೂತಿದೀಯಲ್ಲೋ,” ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಿದ್ದಳು.

ಅಂದರೆ ನಿನ್ನೆಯಿಂದ ಈಚೆಗೆ ಪೆಟ್ಟಿಗೆಯನ್ನು ಕಣ್ಣಾರೆ ಕಂಡ ಒಳಗಿನವರು ಯಾರೋ ಇವನಿಗೆ ಪಾಠ ಹೇಳಿಕೊಟ್ಟಿದ್ದಾರೆ.

“ಸ್ವಲ್ಪ ಕೂತ್ಕೊಳ್ಳಿ,” ಎಂದ ಹಗಲಪ್ಪ. “ಹುಡುಕಿ ತರ್ತೀನಿ.”

ಗೋದಾಮಿನ ಬಾಗಿಲಲ್ಲಿ ನಿಂತು ಅವನು ಲೆಕ್ಕ ಹಾಕಿದ. ನಿನ್ನೆಯಿಂದ ಗೋದಾಮಿಗೆ ಬಂದವರು ಯಾರು? ತಾನು. ಅದು ಬಿಡಿ. ಟೈಪಿಸ್ಟಮ್ಮ ಇಲಿಗೆ ಹೆದರಿ ಹೊಸಿಲು ದಾಟುವವಳಲ್ಲ. ಉಳಿದವನು ಗೋದಾಮಿನವನು. ಮಾತಿಲ್ಲ ಕತೆಯಿಲ್ಲ, ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕೂರುವುದಕ್ಕೆ ಎಲ್ಲರೂ ಅವನನ್ನು ಗೂಬೆ ಎನ್ನುತ್ತಿದ್ದರು. ಗೂಬೆಯ ಮೇಲೆ ಅನುಮಾನ ಬರಲು ಹಗಲಪ್ಪನಿಗೆ ದಾರವೂ ಬೇಕಿರಲಿಲ್ಲ. ಅಂಥ ಮುಖಕ್ಕೆ ಅವನ ಕತೆಗಳಲ್ಲಿ ಯಾವಾಗಲೂ ಗಲ್ಲು ಶಿಕ್ಷೆಯೇ.

ಇನ್ನು ಸೂಪರಿಂಟೆಂಡೆಂಟರು. ಅವರು ಸೊಂಟನೋವೆಂದು ಹೋದ ವಾರದಿಂದ ರಜೆಯಲ್ಲಿದ್ದರು, ಇವತ್ತು ಬೆಳಿಗ್ಗೆಯಷ್ಟೇ ಬಂದಿದ್ದರು. ಬಂದವರು ಕುರ್ಚಿ ಬಿಟ್ಟು ಎದ್ದಿಲ್ಲ. ನೀಲಿ ದಾರವನ್ನು ಅವರು ನೋಡಿರುವುದು ಸಾಧ್ಯವೇ ಇಲ್ಲ. ಇಡೀ ಆಫೀಸಿನಲ್ಲಿ ನಂಬಬಹುದಾದ ಮನುಷ್ಯ ಅವರೊಬ್ಬರೇ.

ಹಗಲಪ್ಪ ಜೀವನದಲ್ಲಿ ಮೊದಲ ಸಲ ತರ್ಕಬದ್ಧವಾಗಿ ಯೋಚಿಸಿದ್ದ. ಅದಕ್ಕೆ ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಗೂಬೆಯ ಕಣ್ಣು ತಪ್ಪಿಸಿ, ಸೂಪರಿಂಟೆಂಡೆಂಟರ ಕೋಣೆಗೆ ಹೊಕ್ಕು ಬಾಗಿಲು ಮುಂದೆ ಮಾಡಿದ. ಅವರು ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಓರೆಯಾಗಿ ಕೂತಿದ್ದರು. ಹಗಲಪ್ಪ ಎಲ್ಲವನ್ನೂ ಹೇಳಿದ: ಭಾವನ ಬಸ್ಸು, ಸೀಟಿನ ಅಡಿ, ದಾರ, ಹೊರಗೆ ಕೂತ ಬೂದು ಕೋಟು, ಗೂಬೆ.

ನಗಲಿಲ್ಲ ಅವರು. ಕೊಡೆಯ ಕತೆ ಎತ್ತಲಿಲ್ಲ.

“ಬೀಗ ಒಡೆದಿಲ್ಲ ತಾನೇ?” ಎಂದು ಕೇಳಿದರು.

“ಇಲ್ಲ ಸಾರ್. ನಾವು ಹಾಗೆಲ್ಲ ತೆಗೆಯೋ ಹಾಗಿಲ್ಲವಲ್ಲ.”

“ಒಳ್ಳೇ ಕೆಲಸ ಮಾಡ್ದೆ. ಬೇರೆ ಯಾರಿಗೆ ಹೇಳಿದ್ದೀಯಾ?”

“ಇನ್ಸ್‌ಪೆಕ್ಟರಿಗೆ ಹೇಳಿದ್ದೆ. ನಕ್ಕರು.”

“ನಗ್ತಾರೆ. ನಾಳೆ ಅವರೇ ಸಲಾಂ ಹೊಡೀತಾರೆ ನೋಡು.” ಸೂಪರಿಂಟೆಂಡೆಂಟರು ನಿಧಾನವಾಗಿ ಎದ್ದು ಬೀರು ತೆಗೆದರು. “ಇದು ಇಲ್ಲಿರಲಿ, ಭದ್ರವಾಗಿರತ್ತೆ. ಆ ಮನುಷ್ಯನಿಗೆ ಅಂಥದ್ದೇ ಬೇರೆ ಪೆಟ್ಟಿಗೆ ಕೊಟ್ಟು ಕಳಿಸು. ಎಲ್ಲಿಗೆ ಹೋಗ್ತಾನೆ ನೋಡ್ಕೊಂಡು ನನಗೆ ಫೋನ್ ಮಾಡು. ನನಗೆ ಮಾತ್ರ. ನಾನು ಬರೋವರೆಗೆ ಪೊಲೀಸು ಗಿಲೀಸು ಬೇಡ. ಕೈಗೆ ಬಂದ ತುತ್ತು ಬಾಯಿಗೆ ಬರಬೇಕಲ್ಲಪ್ಪಾ.”

ಹಗಲಪ್ಪನ ಕಣ್ಣು ತುಂಬಿ ಬಂತು. ಅವನ ಮಾತನ್ನು ಒಬ್ಬ ಮನುಷ್ಯ ಮೊದಲಿನಿಂದ ಕೊನೆಯವರೆಗೆ ಕೇಳಿ, ನಂಬಿದ್ದು ಅದೇ ಮೊದಲು.

ಕೊಳಾಯಿ ರಿಪೇರಿಯವನೊಬ್ಬ ಯಾವತ್ತೋ ಮರೆತುಹೋದ ಪೆಟ್ಟಿಗೆ ಗೋದಾಮಿನಲ್ಲಿತ್ತು. ಅದೂ ಕಂದು, ಅದೂ ಮರದ್ದು. ಹಗಲಪ್ಪ ಅದರ ಹಿಡಿಕೆಗೆ ನೀಲಿ ದಾರ ಸುತ್ತಿ ತಂದು ಕಿಟಕಿಯಲ್ಲಿಟ್ಟ. ಸಾಮಾನು ಸಿಕ್ಕವರು ಮೊದಲು ಮಾಡುವ ಕೆಲಸ ತೆಗೆದು ನೋಡುವುದು. ಇವನು ಬೀಗವನ್ನು ಮುಟ್ಟಲೂ ಇಲ್ಲ. ದಾರ ನೋಡಿದ, ಹಿಡಿಕೆ ಹಿಡಿದ.

“ದೊಡ್ಡ ಉಪಕಾರ ಆಯ್ತು,” ಎಂದ. ಅವನ ಕೈ ನಡುಗುತ್ತಿತ್ತು. ಹಗಲಪ್ಪನ ಕನಸಿನ ಖದೀಮರ ಕೈ ನಡುಗಿದ್ದಿಲ್ಲ. ಅದೊಂದು ಅವನಿಗೆ ಸರಿಬರಲಿಲ್ಲ.

ಬೆನ್ನು ಹತ್ತುವ ಕೆಲಸವನ್ನು ಹಗಲಪ್ಪ ಮನಸ್ಸಿನಲ್ಲಿ ಸಾವಿರ ಸಲ ಮಾಡಿದ್ದ. ಅಲ್ಲಿ ಯಾವಾಗಲೂ ಮಂಜು ಕವಿದಿರುತ್ತಿತ್ತು, ಬೀದಿ ಖಾಲಿ ಇರುತ್ತಿತ್ತು, ಅವನಿಗೊಂದು ಉದ್ದನೆಯ ಕೋಟಿರುತ್ತಿತ್ತು. ಇಲ್ಲಿ ಮಟಮಟ ಮಧ್ಯಾಹ್ನ. ಕಾಲಿಡಲು ಜಾಗವಿಲ್ಲದ ಮಾರ್ಕೆಟ್ಟು. ಹಣ್ಣಿನ ಅಂಗಡಿಯ ಹತ್ತಿರ ಚಪ್ಪಲಿಯ ಬಾರು ಕಿತ್ತಿತು. ಚಪ್ಪಲಿ ಕೈಯಲ್ಲಿ ಹಿಡಿದು ಕುಂಟುತ್ತಾ ಓಡುವ ಪತ್ತೇದಾರನನ್ನು ನೋಡಿ ಬಾಳೆಹಣ್ಣಿನವಳು, “ಯಾರಿಗೆ ಹೊಡೆಯೋಕೆ ಹೊರಟ್ಯಪ್ಪಾ?” ಎಂದಳು.

ಆದರೂ ಅವನು ಬೂದು ಕೋಟನ್ನು ತಪ್ಪಿಸಿಕೊಳ್ಳಲು ಬಿಡಲಿಲ್ಲ. ಕೋಟಿನವನು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಪೆಟ್ಟಿಗೆಯ ಭಾರಕ್ಕೆ ಒಂದು ಪಕ್ಕಕ್ಕೆ ವಾಲಿ ನಡೆಯುತ್ತಿದ್ದ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಟೈಪಿಂಗ್ ಶಾಲೆಯೊಂದಿತ್ತು. ಅದರ ಪಕ್ಕದ ಮೆಟ್ಟಿಲು ಹತ್ತಿ ಮೇಲಿನ ಮಹಡಿಯಲ್ಲಿ ಮರೆಯಾದ.

ಹಗಲಪ್ಪ ಮೊಬೈಲು ತೆಗೆದ. “ಸಾರ್, ಸಿಕ್ಕಿದ. ಮಾರ್ಕೆಟ್ ಹಿಂದೆ, ಟೈಪಿಂಗ್ ಶಾಲೆ ಮೇಲ್ಗಡೆ.”

“ಭೇಷ್! ಅಲ್ಲೇ ಕೆಳಗೆ ನಿಂತಿರು. ಹತ್ತಬೇಡ. ಆಟೋ ಹಿಡಿದು ಬಂದುಬಿಟ್ಟೆ.”

ನಿಲ್ಲಬೇಕಿತ್ತು. ಆದರೆ ಹುಟ್ಟಿದಾಗಿನಿಂದ ಈ ಒಂದು ಮೆಟ್ಟಿಲಿಗಾಗಿ ಕಾದವನನ್ನು ಕೆಳಗೆ ನಿಲ್ಲು ಎಂದರೆ ಹೇಗೆ? ಟೈಪಿಂಗ್ ಶಾಲೆಯ ಟಕಟಕ ಸದ್ದಿನಲ್ಲಿ ತನ್ನ ಹೆಜ್ಜೆ ಯಾರಿಗೂ ಕೇಳುವುದಿಲ್ಲ ಎಂದುಕೊಂಡು, ಹಗಲಪ್ಪ ಬರಿಗಾಲಲ್ಲಿ ಮೇಲೆ ಹತ್ತಿದ. ಮೇಲೆ ಎರಡು ಬಾಗಿಲು. ಒಂದಕ್ಕೆ ಹೊರಗಿನಿಂದ ಬೀಗ. ಇನ್ನೊಂದು ಪೂರ್ತಿ ಮುಚ್ಚಿರಲಿಲ್ಲ.

ತಳ್ಳಿದ.

ಬಣ್ಣದ ಡಬ್ಬಿ, ಕುಂಚ, ಅರ್ಧ ಬರೆದ ಚಿತ್ರಗಳು ತುಂಬಿದ ಕೋಣೆ. ಬೂದು ಕೋಟು ಗೂಟಕ್ಕೆ ನೇತಾಡುತ್ತಿತ್ತು. ಅದರ ಯಜಮಾನ ಏದುಸಿರು ಬಿಡುತ್ತಾ ಸ್ಟೂಲಿನ ಮೇಲಿದ್ದ. ಮಂಚದ ಮೇಲೆ ತಲೆಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಮುದುಕ ಕೊಳಾಯಿಯವನ ಪೆಟ್ಟಿಗೆಯ ಬೀಗವನ್ನು ಒಂದು ಸೂಜಿಯಿಂದಲೇ ತೆಗೆದು, ಒಳಗಿನ ದಪ್ಪ ಸ್ಪ್ಯಾನರನ್ನು ಎತ್ತಿ ಹಿಡಿದು ಪಿಳಿಪಿಳಿ ನೋಡುತ್ತಿದ್ದ. ಆ ಮುಖವನ್ನು ಹಗಲಪ್ಪ ಪೇಪರಿನಲ್ಲಿ ನೋಡಿದ್ದ. ಎಲ್ಲರೂ ಸತ್ತನೆಂದುಕೊಂಡಿದ್ದ ಗಡಿಯಾರದವನು.

ಮಂಚದ ಪಕ್ಕದಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದವಳು ಅಕ್ಕ.

“ಅಕ್ಕಾ?”

“ಬಾಗಿಲು ಹಾಕೋ!” ಎಂದಳು ಅಕ್ಕ. ಬೆಚ್ಚಿದ್ದು ಒಂದೇ ಕ್ಷಣ, ಆಮೇಲೆ ಯಾವತ್ತಿನ ಅಕ್ಕನೇ. “ಇದು ಯಾವ ಪೆಟ್ಟಿಗೆ ಕೊಟ್ಟು ಕಳಿಸಿದ್ದೀಯ? ಅಷ್ಟು ನೋಡಿ ಬಂದು, ಈ ಡ್ರಾಯಿಂಗ್ ಮೇಷ್ಟ್ರಿಗೆ ಅಷ್ಟು ಸಲ ಬಾಯಿಪಾಠ ಮಾಡಿಸಿ ಕಳಿಸಿದ್ದೆ.”

ಗೋದಾಮಿಗೆ ಬಂದವರನ್ನೆಲ್ಲ ಎಣಿಸಿದ್ದ ಹಗಲಪ್ಪ ನಿನ್ನೆ ಅಲ್ಲೇ ಸ್ಟೂಲಿನ ಮೇಲೆ ಕೂತು ಅಳುತ್ತಿದ್ದ ಅಕ್ಕನನ್ನು ಎಣಿಸಿರಲಿಲ್ಲ. ಒಡಹುಟ್ಟಿದವಳನ್ನು ಅಂಥ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ?

“ಇವರು ಬದುಕಿದ್ದಾರೆ!” ಎಂದ ಅವನು. “ಹಾಗಾದ್ರೆ ಭಾವ ಈಗಲೇ ಬಿಡುಗಡೆ! ನಡಿ ಠಾಣೆಗೆ. ಯಾಕೆ ಮುಚ್ಚಿಟ್ಟಿದ್ದೀಯ? ನಿನ್ನೆ ಅಲ್ಲಿ ಕೂತು ಅತ್ತಿದ್ದು ನಾಟಕನಾ?”

“ಅತ್ತಿದ್ದು ನಿಜಾನೇ ಕಣೋ,” ಎಂದಳು ಅಕ್ಕ. “ದಿನಾ ಅಳ್ತಿದ್ದೀನಿ. ಹೇಳಬೇಡ ಅಂದಿರೋದು ನಿನ್ನ ಭಾವನೇ. ಇವರು ಬದುಕಿದ್ದಾರೆ ಅಂತ ಗೊತ್ತಾದ ದಿನ ಹೊಡೆದವನು ಮತ್ತೆ ಬರ್ತಾನೆ. ಪೆಟ್ಟಿಗೆ ಸಿಗೋವರೆಗೆ ಅವರು ಜೈಲಲ್ಲೇ ಇರ್ತಾರಂತೆ, ಬಾಯಿ ಬಿಡಲ್ಲಂತೆ.”

“ಪೆಟ್ಟಿಗೇಲಿ ಏನಿದೆ?”

ಗಡಿಯಾರದವನು ಸ್ಪ್ಯಾನರು ಕೆಳಗಿಟ್ಟ. ಅವನ ದನಿ ಸಣ್ಣಗಿತ್ತು. “ಒಂದು ವಾಚು. ಬಸ್ಸಲ್ಲಿ ಯಾರೋ ಬಿಟ್ಟು ಹೋಗಿದ್ದು, ನಿಂತೋಗಿದೆ, ನೋಡು ಅಂತ ಒಬ್ಬ ತಂದುಕೊಟ್ಟ. ಹಿಂದಿನ ಮುಚ್ಚಳ ತೆಗೆದ್ರೆ ಒಳಗೆಲ್ಲ ಒಣಗಿದ ರಕ್ತ. ಮರೆತು ಹೋದ ವಾಚಿನ ಹೊಟ್ಟೇಲಿ ರಕ್ತ ಎಲ್ಲಿಂದ ಬರತ್ತಪ್ಪಾ? ಬಾಯಿ ತಪ್ಪಿ ಅವನನ್ನೇ ಕೇಳಿಬಿಟ್ಟೆ. ಅವತ್ತು ರಾತ್ರಿ ವಾಚು ತಗೊಂಡು ಬಸ್ಸು ಹತ್ತಿದೆ, ಪೊಲೀಸಿಗೆ ಕೊಡೋಣ ಅಂತ. ಕೊನೇ ಸ್ಟಾಪಲ್ಲಿ ಮುಖಕ್ಕೆ ಮಫ್ಲರ್ ಸುತ್ಕೊಂಡು ಹಿಂದಿನಿಂದ ಬಂದು ಹೊಡೆದ. ನಿಮ್ಮ ಭಾವ ಇಲ್ದೇ ಹೋಗಿದ್ರೆ ಅವತ್ತೇ ನನ್ನ ಕತೆ ಮುಗೀತಿತ್ತು. ಗಡಿಬಿಡೀಲಿ ಪೆಟ್ಟಿಗೆ ಬಸ್ಸಲ್ಲೇ ಉಳೀತು. ಅದು ಕೈಯಲ್ಲಿಲ್ಲದೆ ನನ್ನ ಮಾತು ಯಾರು ನಂಬ್ತಾರೆ?”

“ನನಗಾದ್ರೂ ಹೇಳಬಹುದಿತ್ತಲ್ಲ ಅಕ್ಕಾ. ಪೆಟ್ಟಿಗೆ ನಾನೇ ತಂದುಕೊಡ್ತಿದ್ದೆ.”

“ನಿನಗೆ ಹೇಳೋದೂ ಒಂದೇ, ಊರಿಗೆಲ್ಲ ಡಂಗುರ ಸಾರೋದೂ ಒಂದೇ.” ಅಕ್ಕ ಕಣ್ಣೊರೆಸಿಕೊಂಡಳು. “ಅದೂ ಅಲ್ಲದೆ ಆ ಮನುಷ್ಯ ನಿಮ್ಮ ಬಸ್ ಕಂಪನಿಯವನೇ ಅಂತೆ, ವಾಚು ಕೊಡುವಾಗ ಹಾಗಂದಿದ್ನಂತೆ. ಹೆಸರು ಇವರಿಗೆ ಗೊತ್ತಿಲ್ಲ. ನೀನು ಆಫೀಸಲ್ಲಿ ಯಾರ ಹತ್ರ ಬಾಯಿ ಬಿಡ್ತೀಯೋ ಅಂತ ನನಗೆ ಜೀವ ಪುಕಪುಕ.”

ಹಗಲಪ್ಪನಿಗೆ ಗೂಬೆಯ ಮುಖ ಕಣ್ಣ ಮುಂದೆ ಬಂತು. “ನನಗೆ ಗೊತ್ತು ಯಾರು ಅಂತ. ಕಪ್ಪಗೆ, ಸಣಕಲಾಗಿ, ಮಾತೇ ಆಡದವನು ತಾನೇ?”

“ಅಲ್ಲವಲ್ಲ,” ಎಂದ ಗಡಿಯಾರದವನು. “ದಪ್ಪಗಿದ್ದಾನೆ. ಮಾತು ಬಹಳ ನಯ. ನಿಮ್ಮ ಭಾವ ಬಸ್ಸಿನ ಜಾಕಿ ಸರಳು ತಗೊಂಡು ಸೊಂಟಕ್ಕೆ ಒಂದು ಕೊಟ್ರು ನೋಡಿ, ಅಯ್ಯೋ ಅಂತ ತೆವಳಿಕೊಂಡೇ ಹೋದ. ಹದಿನೈದು ದಿನ ನೆಟ್ಟಗೆ ಕೂರೋಕಾಗಲ್ಲ ಅವನಿಗೆ.”

ಬೇಲಿಯೇ ಎದ್ದು ಹೊಲ ಮೇಯ್ದದ್ದು ಹಗಲಪ್ಪನಿಗೆ ಆಗ ಕಾಣಿಸಿತು. ಅವನ ಲೆಕ್ಕದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಸೂಪರಿಂಟೆಂಡೆಂಟರು ನೀಲಿ ದಾರವನ್ನು ನೋಡಿಯೇ ಇರಲಿಲ್ಲ. ಪೆಟ್ಟಿಗೆ ಎಲ್ಲಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ, ಇವನು ಟವೆಲಿನಲ್ಲಿ ಸುತ್ತಿ ಮೇಜಿನ ಮೇಲೆ ತಂದಿಡುವವರೆಗೆ.

“ಯಾಕೋ, ಮುಖ ಹೀಗಾಯ್ತು?” ಅಕ್ಕ ಅವನ ತೋಳು ಹಿಡಿದು ಅಲುಗಿಸಿದಳು. “ಪೆಟ್ಟಿಗೆ ಎಲ್ಲಿ? ಯಾರ ಹತ್ರ ಕೊಟ್ಟು ಬಂದೆ?”

ಅವನು ಹೇಳಿದ. ಮುಚ್ಚಿಡಲು ಹೋಗಲಿಲ್ಲ. ಫೋನ್ ಮಾಡಿದ್ದನ್ನೂ ಹೇಳಿದ.

ಅಕ್ಕ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ವಾಸಿ ಇತ್ತು. ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ನೆಲದ ಮೇಲಿಟ್ಟು, ಗಡಿಯಾರದವನ ಭುಜಕ್ಕೆ ಕೈಕೊಟ್ಟು ಮಂಚದಿಂದ ಎಬ್ಬಿಸಿದಳು. ಡ್ರಾಯಿಂಗ್ ಮೇಷ್ಟ್ರು ಹಿಂದಿನ ಕಿಟಕಿ ತೆಗೆದು ನೋಡಿದರು. ಕಂಬಿ ಇತ್ತು. ಇಳಿಯಲು ಇದ್ದದ್ದು ಅದೊಂದೇ ಮೆಟ್ಟಿಲು.

ಕೆಳಗೆ ಆಟೋ ನಿಂತ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆಗಳು, ನಿಧಾನವಾಗಿ, ಒಂದೊಂದಕ್ಕೂ ನಿಂತು ನಿಂತು.

“ಏನಪ್ಪಾ, ಎಲ್ಲಿದ್ದೀಯಾ?” ಸೂಪರಿಂಟೆಂಡೆಂಟರ ದನಿ, ಎಂದಿನಂತೆ ನಯವಾಗಿ. “ಕೆಳಗೇ ನಿಂತಿರು ಅಂದಿದ್ನಲ್ಲ.”

ರೈಲಿನ ಮೇಲೆ, ಹಡಗಿನ ಮೇಲೆ, ಉರಿಯುವ ಬಂಗಲೆಗಳಲ್ಲಿ ಇಂಥ ಗಳಿಗೆಯನ್ನು ಎಷ್ಟೋ ಸಲ ಗೆದ್ದಿದ್ದ ಹಗಲಪ್ಪನಿಗೆ ಈಗ ಒಂದು ಉಪಾಯವೂ ಹೊಳೆಯಲಿಲ್ಲ. ಭಯವಾಯಿತು, ಅಷ್ಟೇ. ಮುದುಕನ ಜೀವ, ಭಾವನ ಜೀವ, ಎರಡನ್ನೂ ತಾನೇ ಅಂಗೈಯಲ್ಲಿಟ್ಟು ಒಯ್ದು ಕೊಟ್ಟು ಬಂದೆ ಎಂಬುದೊಂದೇ ತಲೆಯಲ್ಲಿತ್ತು.

ಅವನು ಕಿತ್ತ ಚಪ್ಪಲಿಯನ್ನು ಮೂಲೆಗೆಸೆದು, ಹೊರಗೆ ಬಂದು, ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡ.

ಸೂಪರಿಂಟೆಂಡೆಂಟರು ಕೊನೆಯ ಮೆಟ್ಟಿಲಲ್ಲಿ, ಒಂದು ಕೈಯಿಂದ ಸೊಂಟ ಹಿಡಿದು ನಿಂತಿದ್ದರು. ಇನ್ನೊಂದು ಕೈ ಕೋಟಿನ ಜೇಬಿನಲ್ಲಿತ್ತು.

“ಸಾರಿ ಸಾರ್,” ಎಂದ ಹಗಲಪ್ಪ. “ನಾನೇ ಮೋಸ ಹೋದೆ. ಆ ಮನುಷ್ಯ ಹೇಗೋ ತಪ್ಪಿಸಿಕೊಂಡ. ಎರಡು ಮನೇನೂ ನೋಡಿದೆ, ಒಂದಕ್ಕೆ ಬೀಗ. ಇದು ಖಾಲಿ. ಒಳಗೆ ನರಪಿಳ್ಳೆ ಇಲ್ಲ.”

“ಯಾರೂ ಇಲ್ವಾ?”

“ಯಾರೂ ಇಲ್ಲ ಸಾರ್.”

ಸೂಪರಿಂಟೆಂಡೆಂಟರು ಅವನ ಮುಖವನ್ನೇ ನೋಡಿದರು. ನಂಬಿದರು ಅನ್ನಿಸಿತು. ಒಂದು ಮೆಟ್ಟಿಲು ಹಿಂದಕ್ಕೂ ಇಳಿದರು.

ಆಗ ಹಗಲಪ್ಪನ ಬೆನ್ನ ಹಿಂದೆ, ಒಳಗಿನಿಂದ, ಅಕ್ಕ ಚಿಲಕ ಹಾಕಿದ ಸದ್ದು ಇಬ್ಬರಿಗೂ ಕೇಳಿಸಿತು.